ಕತ್ತರಿಸದೆ ಕೊಡಿ

ಭಾಯ್ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲವೂ ಸ್ಕೀ ಹಲಗೆಯ ಮೇಲೆ ಕಾಲಿಟ್ಟವರಲ್ಲ. ಆದರೂ ಪ್ರತಿ ಫೆಬ್ರುವರಿಯಲ್ಲೂ ಒಂದು ದಿನ ಅಂಗಡಿಗೆ ಬೀಗ ಹಾಕಿ, ವ್ಯಾನು ತೆಗೆದು, ಅಮೆರಿಕದ ತಾಹೋ ಸರೋವರದ ಮೇಲಿನ ಬೆಟ್ಟ ಹತ್ತುತ್ತಿದ್ದರು. ಅವರ ಹಿಂದೆ ನಮ್ಮಂಥ ನಾಲ್ಕು ಕನ್ನಡದ ಮನೆಯವರ ಕಾರುಗಳು. ನಾವು ಬಾಡಿಗೆ ಬೂಟು ಕಟ್ಟಿಕೊಂಡು, ಹಿಮದಲ್ಲಿ ಬಿದ್ದು ಎದ್ದು, ಸೊಂಟ ಹಿಡಿದುಕೊಂಡು ಬರುವ ತನಕ ಅವರು ಅಲ್ಲಿನ ಒಂದು ಪುಟ್ಟ ಪಿಜ್ಜಾ ಅಂಗಡಿಯಲ್ಲಿ, ಒಲೆಗೆ ಹತ್ತಿರದ ಉದ್ದ ಮೇಜಿನ ತುದಿಯಲ್ಲಿ, ನಮ್ಮ ಚೀಲಗಳನ್ನು ಕಾಯುತ್ತ ಕೂತಿರುತ್ತಿದ್ದರು.

"ಜಾರಿ ಬೀಳೋಕೆ ಅಂತ ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು ಯಾರಾದ್ರೂ ಬರ್ತಾರೇನಮ್ಮಾ? ನಮ್ಮ ಮೈಸೂರಲ್ಲಿ ಮಳೆಗಾಲದಲ್ಲಿ ಮನೆ ಮುಂದೇನೇ ಬೀಳ್ತಿದ್ವಿ," ಅನ್ನುತ್ತಿದ್ದರು.

ಅವರು ತೀರಿಕೊಂಡು ಈಗ ಎರಡು ತಿಂಗಳು. ನಾನು ನಮ್ಮ ಕನ್ನಡ ಕೂಟದ ಸಂಚಿಕೆಗೆ ಆಗಾಗ ಏನಾದರೂ ಬರೆಯುವುದು ಅವರಿಗೆ ಗೊತ್ತಿತ್ತು. "ನನ್ನ ಬಗ್ಗೆ ಬರೆದ್ರೆ ಹೆಸರು ಹಾಕ್ಬೇಡಿ, ನಿಮ್ಮ ಕೂಟದವರೆಲ್ಲ ಡಿಸ್ಕೌಂಟು ಕೇಳ್ಕೊಂಡು ಬರ್ತಾರೆ," ಅಂತ ಒಮ್ಮೆ ತಮಾಷೆಗೆ ಅಂದಿದ್ದರು. ಹಾಗಾಗಿ ಇಲ್ಲೂ ಅವರು ಬರೀ ಭಾಯ್. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದೂ ಹಾಗೇ.

ಅವರದು ಹೇವರ್ಡಿನಲ್ಲಿ, ಗೋಡೌನುಗಳ ಸಾಲಿನ ಕೊನೆಗೆ, ಒಂದು ಟೈರಿನ ಅಂಗಡಿ. ನಾವು ಡ್ಯಾನ್‌ವಿಲ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಹಿಮ ನೋಡುವ ಉಮೇದು ಹತ್ತಿ, ಹಿಮದಲ್ಲಿ ಕಾರು ಜಾರದಂತೆ ಚಕ್ರಕ್ಕೆ ಹಾಕುವ ಚೈನು ಕೊಳ್ಳಲು ನಾನೊಬ್ಬಳೇ ಅಲ್ಲಿಗೆ ಹೋಗಿದ್ದೆ. ಕೌಂಟರಿನ ಮುಂದೆ ನಿಂತು ಫೋನಿನಲ್ಲಿ ಗಂಡನಿಗೆ ಅಚ್ಚಗನ್ನಡದಲ್ಲಿ ಮಂಗಳಾರತಿ ಮಾಡುತ್ತಿದ್ದೆ. ಟೈರಿನ ಅಳತೆ ಹೇಳಿ ಅಂದರೆ ಕಾರಿನ ಮಾಡೆಲ್ಲು ಹೇಳುವ ಗಂಡ. ಅಮೆರಿಕದಲ್ಲಿ ಕನ್ನಡ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವ ಧೈರ್ಯ. ಕೌಂಟರಿನ ಆ ಕಡೆ ಇದ್ದ ಗಟ್ಟಿಮುಟ್ಟು ಆಳು, ನೋಡಿದರೆ ಯಾವುದೋ ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಹಾಗಿದ್ದವರು, ನನ್ನ ಬೈಗುಳ ಪೂರ್ತಿ ಮುಗಿಯುವ ತನಕ ಕಾದು, "ಅವರನ್ನ ಬಿಟ್ಬಿಡಿ ಅಮ್ಮಾ, ಪಾಪ. ಕಾರು ಎಲ್ಲಿ ನಿಲ್ಸಿದೀರಿ, ನಾನೇ ನೋಡ್ತೀನಿ," ಅಂದರು. ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

ಚೈನೇನೋ ತೆಗೆದು ಕೌಂಟರಿನ ಮೇಲಿಟ್ಟರು, ಆದರೆ ಕೊಡಲಿಲ್ಲ.

"ಯಜಮಾನರಿಗೆ ಹಾಕೋಕೆ ಬರುತ್ತಾ?"

"ವಿಡಿಯೋ ನೋಡ್ಕೊಂಡು ಹಾಕ್ತಾರೆ."

"ಹಿಮದಲ್ಲಿ ಬೆರಳು ಸೆಟೆದುಕೊಂಡಾಗ ಫೋನು ಒತ್ತೋಕೂ ಆಗಲ್ಲಮ್ಮಾ. ಬನ್ನಿ, ನೀವೇ ಕಲೀರಿ."

ಆಮೇಲೆ ನನ್ನನ್ನು ಆ ಎಣ್ಣೆ ಕಲೆಯ ನೆಲದ ಮೇಲೆ ಮಂಡಿಯೂರಿಸಿ, ಮೂರು ಸಲ ಚೈನು ಹಾಕಿಸಿ, ಮೂರು ಸಲ ಬಿಚ್ಚಿಸಿದರು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಹಾಕಿ ಅಂದರು. ನಾನು ಒಳಗೊಳಗೇ ಶಪಿಸುತ್ತ ಹಾಕಿದೆ. ನನ್ನ ಹೊಸ ಪ್ಯಾಂಟು ಅಲ್ಲಿಗೆ ಮುಗಿಯಿತು. ಮರುವಾರ ಬೆಟ್ಟದ ದಾರಿಯಲ್ಲಿ ಗಾಳಿ, ಹಿಮ, ಹಿಂದೆ ನೂರು ಕಾರುಗಳ ಸಾಲು. ನನ್ನ ಗಂಡ ವಿಡಿಯೋಗೆ ಸಿಗ್ನಲ್ಲು ಹುಡುಕುತ್ತಿದ್ದಾಗ ನಾನು ಇಳಿದು ಹತ್ತು ನಿಮಿಷದಲ್ಲಿ ಚೈನು ಹಾಕಿದೆ. ಅವತ್ತಿನಿಂದ ಭಾಯ್ ನಮ್ಮ ಮನೆಯವರೇ ಆದರು.

ಗುಣಗಾನವೇ ಆಗಬಾರದು, ಅವರ ಕಿರಿಕಿರಿಯನ್ನೂ ಹೇಳಬೇಕು. ಯಾರ ಮನೆಗೆ ಹೋದರೂ ಒಳಗೆ ಬರುವ ಮೊದಲು ಅಂಗಳದಲ್ಲಿ ನಿಂತ ಕಾರುಗಳ ಟೈರನ್ನೆಲ್ಲ ಬೂಟಿನ ತುದಿಯಿಂದ ಒದ್ದು ನೋಡುತ್ತಿದ್ದರು. ಗೃಹಪ್ರವೇಶಕ್ಕೆ ಬಂದವರು ಮನೆ ಚೆನ್ನಾಗಿದೆ ಅನ್ನುವ ಮೊದಲು, "ಹಿಂದಿನ ಎಡಗಡೆ ಟೈರು ಸವೆದಿದೆ, ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀರಿ," ಅಂದರೆ ಹೇಗಿರುತ್ತದೆ? ವಾದಕ್ಕೆ ನಿಂತರೆ ಸೋಲುವವರಲ್ಲ. ವ್ಯಾನಿನಲ್ಲಿ ಹಳೆಯ ಹಾಡು ಹಾಕಿದರೆ ಪಕ್ಕದವರು ಉಸಿರೆತ್ತುವಂತಿಲ್ಲ. ಅವರ ಹೆಂಡತಿ, ನಾವು ಭಾಭಿ ಅನ್ನುತ್ತಿದ್ದವರು, ಬೆಟ್ಟಕ್ಕೆ ಒಮ್ಮೆಯೂ ಬರಲಿಲ್ಲ. ಚಳಿಗೆ ಮಂಡಿ ಹಿಡಿಯುತ್ತದೆ ಅನ್ನುವುದು ನೆಪ. "ನಾಲ್ಕು ಗಂಟೆ ಆ ಹಾಡು ಕೇಳೋಕೆ ನನ್ನಿಂದ ಆಗಲ್ಲ," ಅಂತ ಫೋನಿನಲ್ಲಿ ನಿಜ ಹೇಳಿದ್ದರು. ನಾನು ಅವರನ್ನು ಬಲ್ಲದ್ದು ಹೆಚ್ಚಾಗಿ ಫೋನಿನಲ್ಲೇ.

ಇನ್ನು ಆ ಪಿಜ್ಜಾ ಅಂಗಡಿ. ಸ್ಕೀ ಲಿಫ್ಟಿನಿಂದ ಇಳಿದು ನೂರು ಹೆಜ್ಜೆ ನಡೆದರೆ ಮರದ ಮೆಟ್ಟಿಲು, ತಗ್ಗು ಬಾಗಿಲು. ಒಳಗೆ ಹೋದ ಕೂಡಲೇ ಕನ್ನಡಕಕ್ಕೆ ಆವಿ ಕಟ್ಟಿ ಏನೂ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ: ಸುಟ್ಟ ಹಿಟ್ಟು, ಬೆಳ್ಳುಳ್ಳಿ, ಸೌದೆ ಹೊಗೆ, ಮತ್ತು ಹೀಟರಿನ ಮೇಲೆ ಸಾಲಾಗಿ ಒಣಗಲು ಹಾಕಿದ ಕಾಲುಚೀಲಗಳು. ಎಂಟು ಮೇಜು ಅಷ್ಟೇ. ಗೋಡೆಯ ಮೇಲೆ ಹಳೆಯ ಮರದ ಸ್ಕೀಗಳು. ಒಡತಿ ನೆರೆತ ಜಡೆಯ, ದಪ್ಪ ತೋಳಿನ ಹೆಂಗಸು. ಒಲೆ, ಗಲ್ಲಾ, ಗಿರಾಕಿಗಳ ಮೇಲೆ ಗದರುವುದು ಎಲ್ಲ ಆಕೆಯದೇ.

ಇಷ್ಟು ದೂರ ಬಂದು ಇಲ್ಲೇ ಯಾಕೆ ತಿನ್ನಬೇಕು ಅಂತ ಒಮ್ಮೆ ಕೇಳಿದ್ದೆ. ಭಾಯ್ ಅಮೆರಿಕಕ್ಕೆ ಬಂದ ಮೊದಲ ವರ್ಷ ಬೇರೆಯವರ ಲಾರಿಯಲ್ಲಿ ಟೈರು ತುಂಬಿಕೊಂಡು ಈ ಬೆಟ್ಟ ದಾಟುತ್ತಿದ್ದಾಗ ಹಿಮ ಬಿದ್ದು ರಸ್ತೆ ಮುಚ್ಚಿತಂತೆ. ದಾರಿಯಲ್ಲಿ ಸಿಕ್ಕಿಕೊಂಡವರಿಗೆಲ್ಲ ಈಕೆ ಪಿಜ್ಜಾ ಸುಟ್ಟು ಹಂಚುತ್ತಿದ್ದಳಂತೆ. ಇವರು ಮಾತ್ರ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತರು. ಯಾಕೆ ಅಂತ ಕೇಳಿದಳು. ಇವರು ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಹಂದಿ ಮಾಂಸದ ಪಿಜ್ಜಾ ಕತ್ತರಿಸಿದ ಕಟರಿನಲ್ಲೇ ಇದನ್ನೂ ಕತ್ತರಿಸಿದೀರಿ, ನನಗೆ ಆಗುವುದಿಲ್ಲ ಅಂದರು. ಆಕೆ ಜಗಳವಾಡಲಿಲ್ಲ, ನಗಲೂ ಇಲ್ಲ. ಹೊಸದೊಂದು ಸುಟ್ಟು, ಹಾಗೇ ಇಡಿಯಾಗಿ ತಂದಿಟ್ಟಳು. ಇವರು ರೊಟ್ಟಿ ಮುರಿದ ಹಾಗೆ ಕೈಯಲ್ಲಿ ಮುರಿದುಕೊಂಡು ತಿಂದರು.

"ಆಯಮ್ಮ ಒಂದು ಪ್ರಶ್ನೆ ಜಾಸ್ತಿ ಕೇಳಲಿಲ್ಲ. ಅದಕ್ಕೆ ವರ್ಷಕ್ಕೊಂದು ಸಲ ಬಂದು ತಿಂದು ಹೋಗ್ತೀನಿ," ಅಂದರು.

ಮರುವರ್ಷ ಅವರು ತಮ್ಮದೇ ಕಟರು ಕೊಂಡುಹೋದರು. ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಕೋಟಿನ ಒಳಜೇಬಿನಲ್ಲಿ. ಆ ಜೇಬಿನಿಂದ ಫಳಫಳ ಹೊಳೆಯುವ ಉಕ್ಕಿನ ಚಕ್ರ ಹೊರಗೆ ಬಂದಾಗ ಇಡೀ ಅಂಗಡಿ ಗಪ್‌ಚಿಪ್ಪಾಯಿತಂತೆ. ಪಕ್ಕದ ಮೇಜಿನವನೊಬ್ಬ ಮಗುವನ್ನು ಎಳೆದುಕೊಂಡು ಎದ್ದೇ ನಿಂತನಂತೆ. ಅದನ್ನು ಹೇಳಿ ಭಾಯ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಅಷ್ಟೊಂದು ನಗು ಬರುತ್ತಿರಲಿಲ್ಲ. ನಾನು ನೋಡುವ ಹೊತ್ತಿಗೆ ಅವರು ಮೊದಲು ಖಾಲಿ ಕೈ ತೋರಿಸಿ, ಆಮೇಲೆ ಬಟ್ಟೆಯ ಗಂಟು ತೋರಿಸಿ, ನಿಧಾನಕ್ಕೆ ಬಿಚ್ಚುವುದನ್ನು ರೂಢಿ ಮಾಡಿಕೊಂಡಿದ್ದರು. ಭಾಯ್ ಮೆಟ್ಟಿಲು ಹತ್ತುವುದನ್ನು ಕಂಡರೆ ಒಡತಿ ಒಲೆಯ ಮುಂದಿನಿಂದಲೇ, "ಹೇವರ್ಡ್ ಈಸ್ ಹಿಯರ್! ನೋ ಕಟ್!" ಅಂತ ಕೂಗುತ್ತಿದ್ದಳು. ಆದರೂ ಭಾಯ್ ಪ್ರತಿ ಸಲ ಕೌಂಟರಿಗೆ ಹೋಗಿ ತಾವಾಗಿಯೇ, "ಕತ್ತರಿಸದೆ ಕೊಡಿ," ಅಂತ ಹೇಳಿಯೇ ಬರುತ್ತಿದ್ದರು. ಕೇಳುವುದು ನಮ್ಮ ಕೆಲಸ, ಅವರು ನೆನಪಿಟ್ಟುಕೊಳ್ಳಲಿ ಅಂತ ಕಾಯಬಾರದು ಅನ್ನುವುದು ಅವರ ವಾದ.

ಅವರು ಕತ್ತರಿಸುವುದನ್ನು ನೋಡಬೇಕಿತ್ತು. ಪಿಜ್ಜಾ ಅಂದರೆ ಎಂಟು ತುಂಡು ಅಂತ ಲೋಕವೆಲ್ಲ ಒಪ್ಪಿಕೊಂಡಿದೆ, ಭಾಯ್ ಒಪ್ಪಿರಲಿಲ್ಲ. ಮೇಜಿನ ಸುತ್ತ ಕಣ್ಣಾಡಿಸಿ ತಲೆ ಎಣಿಸುತ್ತಿದ್ದರು. ಒಂಬತ್ತು ಜನ ಇದ್ದರೆ ಒಂಬತ್ತು, ಹನ್ನೊಂದು ಇದ್ದರೆ ಹನ್ನೊಂದು. ಗೆರೆ ಹಾಕುವುದಿಲ್ಲ, ಅಳೆಯುವುದಿಲ್ಲ, ಚಕ್ರ ನಾಲ್ಕಾರು ಸಲ ಓಡಾಡಿದರೆ ಮುಗಿಯಿತು. ನನ್ನ ಗಂಡ ಒಮ್ಮೆ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಪರೀಕ್ಷೆ ಮಾಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಮೂವತ್ತು ವರ್ಷದಿಂದ ಚಕ್ರಾನೇ ನೋಡ್ಕೊಂಡು ಬಂದಿದೀನಿ, ದುಂಡಗಿರೋದು ನನಗೆ ಮೋಸ ಮಾಡಲ್ಲ," ಅಂದರು ಭಾಯ್. ನಮ್ಮಲ್ಲಿ ಮೊಟ್ಟೆಯನ್ನೂ ಮುಟ್ಟದವರು ಇಬ್ಬರು ಮೂವರಿದ್ದರು. ಅವರಿಗೂ ಆ ಕಟರಿನ ಮೇಲೆ ಪೂರ್ತಿ ಭರವಸೆ. ಬೇರೆ ಕಡೆ ಹೋದಾಗ, "ಇಲ್ಲಿ ಯಾವ ಚಾಕೂಲಿ ಕೊಯ್ದಿರ್ತಾರೋ," ಅಂತ ಮುಖ ಹುಳ್ಳಗೆ ಮಾಡುವವರು ಭಾಯ್ ಮುಂದೆ ತಟ್ಟೆ ಚಾಚುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವರಿಗೆ ಮಾಡಿದ್ದನ್ನು ಈಗ ಹೇಳಬೇಕು. ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ಪರಿಚಯದ ಆರನೆಯ ವರ್ಷ, ಹಾಸನದ ಹತ್ತಿರದ ಊರಿನಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಒಳ್ಳೆಯ ಹೆಂಗಸು, ಗಟ್ಟಿ ಹೆಂಗಸು. ಹೋಟೆಲಿನಲ್ಲಿ ಒಂದು ಲೋಟ ನೀರು ಕುಡಿದವರಲ್ಲ; ಎಲ್ಲಿಗೆ ಹೊರಟರೂ ಬುತ್ತಿ ಜೊತೆಗಿರಬೇಕು. ಟಿವಿಯಲ್ಲಿ ಮಾತ್ರ ನೋಡಿದ್ದ ಹಿಮವನ್ನು ಮುಟ್ಟಬೇಕು ಅಂತ ಅವರಿಗೊಂದು ಆಸೆ. ಭಾಯ್ ಜೊತೆ ಹೋಗುವುದು ಅಂತ ಆಯಿತು. ಮುಸಲ್ಮಾನರ ವ್ಯಾನು, ಮುಸಲ್ಮಾನರ ಜೊತೆ ಒಂದೇ ಮೇಜಿನಲ್ಲಿ ಊಟ ಅಂದರೆ ಅತ್ತೆ ಏನನ್ನುತ್ತಾರೋ. ಬರುವುದೇ ಇಲ್ಲ ಅನ್ನಬಹುದು. ಎಲ್ಲರ ಮುಂದೆ ಭಾಯ್‌ಗೆ ಏನಾದರೂ ಅಂದುಬಿಡಬಹುದು. ನಾನು ಒಂದು ಉಪಾಯ ಹೂಡಿದೆ. ಅವರು ಯಾರು ಅಂತ ಅತ್ತೆಗೆ ಹೇಳುವುದೇ ಬೇಡ, ಒಂದು ದಿನದ ಮಾತು.

ಗಂಡನಿಗೆ ಹೇಳಿದೆ. ಅವರಿಗೆ ಸರಿ ಕಾಣಲಿಲ್ಲ, ಆದರೆ ನನ್ನೆದುರು ವಾದಕ್ಕೆ ನಿಲ್ಲುವ ಅಭ್ಯಾಸ ಅವರಿಗಿಲ್ಲ. ಏಳು ವರ್ಷದ ಮಗಳಿಗೆ, ಇವತ್ತು ಭಾಯ್ ಅಂಕಲ್ ಅನ್ನಬೇಡ, ಬರೀ ಅಂಕಲ್ ಅನ್ನು ಅಂತ ಪಾಠ ಮಾಡಿದೆ. "ಬಟ್ ವೈ? ದಟ್ಸ್ ಹಿಸ್ ನೇಮ್," ಅಂದಳು. ಸುಮ್ಮನಿರು ಅಂತ ಗದರಿದೆ.

ಬೆಳಿಗ್ಗೆ ಹೇವರ್ಡಿನ ಅಂಗಡಿಯ ಮುಂದೆ ಎಲ್ಲ ಸೇರಿದೆವು. ನಾನು ಅತ್ತೆಯನ್ನು ವ್ಯಾನಿನ ಮುಂದಿನ ಸೀಟಿಗೆ ಹತ್ತಿಸುತ್ತ, "ಇವರು ಮೈಸೂರಿನವರು ಅತ್ತೆ, ನಮಗೆಲ್ಲ ಅಣ್ಣ ಇದ್ದ ಹಾಗೆ," ಅಂದೆ. ಆಮೇಲೆ ಭಾಯ್ ಕಡೆ ತಿರುಗಿ, "ಅಣ್ಣಾ, ಹೊರಡೋಣ್ವಾ?" ಅಂತ ಕೇಳಿದೆ. ಆರು ವರ್ಷದಲ್ಲಿ ನಾನು ಅವರನ್ನು ಅಣ್ಣ ಅಂದದ್ದು ಅದೇ ಮೊದಲು. ಭಾಯ್ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹ್ಞೂಂ, ಹೊರಡೋಣ," ಅಂದರು. ಅವತ್ತು ಹಾಡು ಹಾಕಲಿಲ್ಲ.

ಬೆಟ್ಟದಲ್ಲಿ ಒಳ್ಳೆಯ ಬಿಸಿಲಿತ್ತು. ಅತ್ತೆ ಹಿಮವನ್ನು ಬೊಗಸೆಯಲ್ಲಿ ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡರು, ಒಂದು ಚೂರು ಬಾಯಿಗೂ ಹಾಕಿಕೊಂಡರು. ಮೊಮ್ಮಗಳ ಜೊತೆ ಕೂತು ಗುಡ್ಡೆ ಮಾಡಿ ಆಡಿದರು. ಹನ್ನೆರಡೂವರೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು, ಇನ್ನರ್ಧ ಗಂಟೆಯಲ್ಲಿ ಊಟ ಆಗಲೇಬೇಕು. ಪಿಜ್ಜಾ ಅಂಗಡಿಗೆ ಬಂದು ಕೂತು, ಬುತ್ತಿ ಕೊಡೇ ಅಂದರು. ನಾನು ಚೀಲ ಹುಡುಕಿದೆ, ಕಾರು ಹುಡುಕಿದೆ, ವ್ಯಾನು ಹುಡುಕಿದೆ. ರೊಟ್ಟಿ, ಪಲ್ಯ, ಮೊಸರನ್ನ ಎಲ್ಲ ಡ್ಯಾನ್‌ವಿಲ್ಲಿನ ನಮ್ಮ ಗ್ಯಾರೇಜಿನ ಮೆಟ್ಟಿಲ ಮೇಲೆ ಹಾಯಾಗಿ ಕೂತಿತ್ತು.

ಭಾಯ್ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ಎದ್ದು ಒಲೆಯ ಹತ್ತಿರ ಹೋದರು. ಒಡತಿಯಿಂದ ಹಲಗೆ ತೊಳೆಸಿದರು, ಹೊಸ ಕಾಗದ ಹಾಸಿಸಿದರು, ಹಿಟ್ಟಿಗೆ ಮೊಟ್ಟೆ ಹಾಕಿಲ್ಲ ತಾನೇ ಅಂತ ಕೇಳಿದರು, ಚೀಸಿನ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೆಲ್ಲ ಕನ್ನಡಕ ಹಣೆಗೇರಿಸಿ ಓದಿದರು. ಆಮೇಲೆ ಅತ್ತೆಯ ಪಕ್ಕ ಬಂದು ಕೂತು, "ಅಮ್ಮಾ, ಹೆದರ್ಕೋಬೇಡಿ. ರೊಟ್ಟೀನೇ ಇದು. ಮೇಲೆ ಟೊಮೆಟೊ ಗೊಜ್ಜು, ಆಮೇಲೆ ಹಾಲಿಂದು, ಗಿಣ್ಣಿನ ಥರ. ನಾನೇ ನಿಂತು ನೋಡಿದೀನಿ, ಬೇರೆ ಏನೂ ತಾಗಿಲ್ಲ. ಕಟರೂ ನನ್ನದೇ," ಅಂದರು.

"ಎಷ್ಟು ಕಷ್ಟ ಕೊಟ್ಟೆನಪ್ಪಾ ನಿನಗೆ," ಅಂದರು ಅತ್ತೆ.

ಪಿಜ್ಜಾ ಬಂತು, ಇಡಿಯಾಗಿ, ಅಂಚು ಉಬ್ಬಿಕೊಂಡು. ಭಾಯ್ ತಲೆ ಎಣಿಸಲಿಲ್ಲ. ಮೊದಲು ಅತ್ತೆಗೊಂದು ತುಂಡು ಕತ್ತರಿಸಿ, ಕೈ ತಾಗದ ಹಾಗೆ ಕಟರಿನಲ್ಲೇ ಎತ್ತಿ ತಟ್ಟೆಗೆ ಹಾಕಿದರು. ಅತ್ತೆ ಅದನ್ನು ಕೈಗೆತ್ತಿಕೊಂಡರು. ಸದ್ಯ, ಬಚಾವಾದೆ ಅಂದುಕೊಂಡೆ. ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಅತ್ತೆ ಕೇಳಿದರು:

"ನಿನ್ನ ಹೆಸರೇನಪ್ಪಾ? ಬೆಳಗಿಂದ ಇವಳು ಅಣ್ಣ ಅಣ್ಣ ಅಂತಾಳೆ, ಹೆಸರೇ ಹೇಳಲಿಲ್ಲ."

ಭಾಯ್ ಬಾಯಿ ತೆರೆಯುವ ಮೊದಲೇ ನಾನು ನಡುವೆ ಹಾರಿದೆ.

"ರಾಜಣ್ಣ ಅಂತ. ತಿನ್ನಿ ಅತ್ತೆ, ಆರಿಹೋಗುತ್ತೆ."

ಎದುರಿಗೆ ಕೂತ ಮನುಷ್ಯನಿಗೆ, ಅವರ ಕಿವಿಯ ಮುಂದೆಯೇ, ಬೇರೆ ಹೆಸರಿಟ್ಟೆ. ಅದು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅನ್ನುವುದು ಈಗ ನೆನೆದರೂ ನನಗೆ ಹೇಸಿಗೆಯಾಗುತ್ತದೆ. ನನ್ನ ಗಂಡ ಕಿಟಕಿಯ ಕಡೆ ನೋಡಿದರು. ಮಗಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು.

ಭಾಯ್ ಕಟರನ್ನು ಬಟ್ಟೆಯ ಮೇಲಿಟ್ಟರು. "ಇಲ್ಲಮ್ಮಾ, ಅವರು ಅವಸರದಲ್ಲಿ ಹೇಳಿದ್ರು," ಅಂದರು. ತಮ್ಮ ಹೆಸರು, ತಂದೆಯ ಹೆಸರು, ಮೈಸೂರಿನಲ್ಲಿ ಯಾವ ಮೊಹಲ್ಲಾ ಅನ್ನುವುದು, ಮೂರನ್ನೂ ಬಿಡಿಸಿ ಹೇಳಿದರು. ದನಿ ಏರಲಿಲ್ಲ. "ತಿಳಿದು ತಿನ್ನಿ ಅಮ್ಮಾ. ಆಮೇಲೆ ಗೊತ್ತಾದ್ರೆ ನಿಮಗೆ ಸಂಕಟ, ನನಗೂ ಸಂಕಟ."

ಅತ್ತೆಯ ಕೈ ಅಲ್ಲೇ ನಿಂತಿತು. ತುಂಡನ್ನು ನೋಡಿದರು, ಭಾಯ್ ಮುಖ ನೋಡಿದರು. ನಿಧಾನವಾಗಿ ಅದನ್ನು ತಟ್ಟೆಗೆ ವಾಪಸ್ಸು ಇಟ್ಟರು.

"ತಪ್ಪು ತಿಳ್ಕೋಬೇಡ ಕಣಪ್ಪಾ. ನೀನು ಒಳ್ಳೆಯವನು, ನನಗೆ ಕಾಣ್ತಾ ಐತೆ. ಆದ್ರೆ ನನ್ನ ಕೈಲಿ ಆಗಲ್ಲ. ಹುಟ್ಟಿದಾಗಿಂದ ಹಿಂಗೇ ಬಂದಿವ್ನಿ, ಈಗ ಬಾಯಿಗಿಟ್ರೆ ಗಂಟಲಲ್ಲಿ ಇಳಿಯಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭಾಯ್ ಮಾತ್ರ, "ಆಯ್ತಮ್ಮಾ. ಆದ್ರೆ ಮಾತ್ರೆ ನುಂಗಿದೀರಿ, ಹೊಟ್ಟೆ ಖಾಲಿ ಇರ್ಬಾರ್ದು," ಅಂತ ಎದ್ದರು. ಟೈರಂಗಡಿಗೆ ಹಾಕುವ ಬೂಟಿನಲ್ಲೇ ಹಿಮ ತುಳಿಯುತ್ತ, ಎರಡು ಕಡೆ ಜಾರಿ ಕಂಬ ಹಿಡಿದುಕೊಂಡು, ಎದುರಿಗಿದ್ದ ಗ್ರೋಸರಿಗೆ ಹೋಗಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಬಾಳೆಹಣ್ಣು, ಕಿತ್ತಳೆ ತಂದು ಚೀಲವನ್ನು ಅತ್ತೆಯ ಮುಂದಿಟ್ಟರು. "ನೀವೇ ಸುಲ್ಕೊಳ್ಳಿ ಅಮ್ಮಾ, ಸಿಪ್ಪೆ ಒಳಗೆ ಯಾರ ಕೈಯೂ ಹೋಗಿಲ್ಲ." ಅತ್ತೆ ಮೂರು ಬಾಳೆಹಣ್ಣು ತಿಂದರು. ತಟ್ಟೆಯಲ್ಲಿ ಉಳಿದಿದ್ದ ತುಂಡನ್ನು ಭಾಯ್ ತಾವೇ ತಿಂದರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಸೋಜಿಗ. ಅವರಿಬ್ಬರೂ ಕಿತ್ತಳೆ ಸಿಪ್ಪೆಯ ರಾಶಿಯನ್ನು ನಡುವೆ ಇಟ್ಟುಕೊಂಡು ಒಂದು ಗಂಟೆ ಮಾತಾಡಿದರು. ಅತ್ತೆಯ ಗಂಡ ರೇಷ್ಮೆಗೂಡು ಮಾರಲು ಹೋಗುತ್ತಿದ್ದದ್ದು, ಭಾಯ್ ತಂದೆ ಜಟಕಾ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದದ್ದು, ಯಾರ ಸೊಸೆ ಯಾರಿಗೆ ಎದುರಾಡುತ್ತಾಳೆ ಅನ್ನುವುದು. ಅತ್ತೆ ಅವರನ್ನು ಪೂರ್ತಿ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. ನಗುತ್ತಿದ್ದರು. ನಾನೊಬ್ಬಳೇ ಬಾಯಿಗೆ ಏನೂ ಹಾಕದೆ ಕೂತಿದ್ದೆ.

ಬಿಸಿಲಿಗೆ ರಸ್ತೆ ಒಣಗಿತ್ತು. ಬೆಟ್ಟ ಇಳಿಯುವ ಮೊದಲು ಭಾಯ್ ವ್ಯಾನಿನ ಚಕ್ರದ ಹತ್ತಿರ ಕೂತು ಚೈನು ಬಿಚ್ಚುತ್ತಿದ್ದರು. ನಾನು ಹೋಗಿ ನಿಂತೆ.

"ಭಾಯ್, ಅತ್ತೆ ಮಾಡಿದ್ದು..."

"ಅತ್ತೆ ಏನು ಮಾಡಿದ್ರಮ್ಮಾ?"

"ಅವರು ಹಳೇ ಕಾಲದವರು. ನಿಮಗೆ ಎಷ್ಟು ಬೇಜಾರಾಗಿರುತ್ತೆ..."

ಚೈನು ಕೆಳಗಿಟ್ಟು ಕೈ ಒರೆಸಿಕೊಂಡರು. "ಬೇಜಾರು ಆಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಆಯ್ತು. ಆದ್ರೆ ಅದು ಹಳೇ ನೋವು, ಚಿಕ್ಕಂದಿನಿಂದ ನೋಡಿದೀನಿ, ಎಲ್ಲಿ ಇಟ್ಕೋಬೇಕು ಅಂತ ಗೊತ್ತು. ಆ ಅಮ್ಮ ನನ್ನ ಹೆಸರು ಕೇಳಿದ್ರು, ನನ್ನ ಮುಖ ನೋಡಿ ಆಗಲ್ಲ ಅಂದ್ರು. ನೀವು ಆರು ವರ್ಷ ನನ್ನ ಮೇಜಿನಲ್ಲಿ ಉಂಡೋರು. ನೀವು ನನ್ನನ್ನ ಬಚ್ಚಿಟ್ರಿ. ಅದು ಹೊಸದು. ಅದನ್ನ ಎಲ್ಲಿ ಇಟ್ಕೊಳ್ಳಲಿ, ಹೇಳಿ."

ನನಗೆ ಅಳು ಬಂತು. ನಿಮ್ಮ ಮಾನ ಕಾಯೋದಕ್ಕೇ ಹಾಗೆ ಮಾಡಿದೆ ಅನ್ನಬೇಕೆಂದುಕೊಂಡೆ. ಅದು ನಿಜವಲ್ಲ. ನಾನು ಕಾದುಕೊಂಡದ್ದು ನನ್ನ ಮನೆಯ ನೆಮ್ಮದಿಯನ್ನು. ತಪ್ಪಾಯಿತು ಅನ್ನುವ ಒಂದು ಮಾತನ್ನೂ ಹೇಳಲಿಲ್ಲ. ಅಷ್ಟರಲ್ಲಿ ಯಾರೋ ಕೂಗಿದರು, ಎಲ್ಲರೂ ಹತ್ತಿದೆವು.

ಭಾಯ್ ಆಮೇಲೂ ಬದಲಾಗಲಿಲ್ಲ. ಟೈರು ಒದೆಯುವುದು, ಗದರುವುದು, ಫೆಬ್ರುವರಿಯಲ್ಲಿ ಫೋನು ಮಾಡುವುದು ಎಲ್ಲ ಮೊದಲಿ­ನಂತೆಯೇ ನಡೆಯಿತು. ಅದರಿಂದಾಗಿ ನನ್ನ ಬಾಯಿ ಇನ್ನಷ್ಟು ಕಟ್ಟಿತು. ಈ ವರ್ಷ ಹೇಳುತ್ತೇನೆ, ಬೆಟ್ಟದಲ್ಲಿ ಹೇಳುತ್ತೇನೆ, ಪಿಜ್ಜಾ ಮುಗಿದ ಮೇಲೆ ಹೇಳುತ್ತೇನೆ ಅಂದುಕೊಳ್ಳುತ್ತ ಮೂರು ಚಳಿಗಾಲ ಕಳೆದೆ. ಆಮೇಲೆ ಅವರ ಬೆನ್ನು ಕೈಕೊಟ್ಟಿತು, ಅಂಗಡಿಯನ್ನು ಅಳಿಯನಿಗೆ ಬಿಟ್ಟು ಗಿಲ್‌ರಾಯಿಯಲ್ಲಿ ಅಂಗಳವಿರುವ ಒಂದು ಮನೆ ಮಾಡಿಕೊಂಡು ಹೋದರು. ಬೆಟ್ಟದ ಪ್ರಯಾಣ ಅಲ್ಲಿಗೆ ನಿಂತಿತು. ಅತ್ತೆ ಅಷ್ಟು ಹೊತ್ತಿಗೆ ನಮ್ಮಲ್ಲೇ ಇರಲು ಬಂದಿದ್ದರು. ಆಗಾಗ ಭಾಯ್ ಹೆಸರು ಹಿಡಿದು, ಅವನು ಹೆಂಗವ್ನೆ ಅಂತ ಕೇಳುತ್ತಿದ್ದರು. ಚೆನ್ನಾಗಿದಾರಂತೆ ಅತ್ತೆ, ಅನ್ನುತ್ತಿದ್ದೆ. ಹೋಗಿ ನೋಡಲಿಲ್ಲ.

ಸಾವಿನ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಮಣ್ಣು ಹಿಂದಿನ ದಿನವೇ ಆಗಿತ್ತು. ನಾನು ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಸಾವಾದ ಮನೇಲಿ ಒಲೆ ಹಚ್ಚಲ್ಲ. ಅವರಲ್ಲೂ ಹಂಗೇ ಅಲ್ವೇನೇ?"

"ಹ್ಞೂಂ ಅತ್ತೆ."

ಅನ್ನ ಮಾಡಿದರು, ಬೇಳೆ ಕಟ್ಟಿನ ತಿಳಿಸಾರು ಮಾಡಿದರು. ನನ್ನ ಕೈಗೆ ಒಂದು ಸೌಟನ್ನೂ ಕೊಡಲಿಲ್ಲ. ಡ್ಯಾನ್‌ವಿಲ್ಲಿನಿಂದ ಗಿಲ್‌ರಾಯಿಗೆ ಒಂದೂಕಾಲು ಗಂಟೆ ದಾರಿ. ಫ್ರೀವೇ ಉದ್ದಕ್ಕೂ ಬಿಸಿ ಪಾತ್ರೆಯನ್ನು ತೊಡೆಯ ಮೇಲೆ ಟವೆಲು ಹಾಸಿ ಹಿಡಿದುಕೊಂಡಿದ್ದರು. ಊರು ಹತ್ತಿರವಾಗಿ ಬೆಳ್ಳುಳ್ಳಿ ಹೊಲಗಳ ವಾಸನೆ ಬರುವ ಹೊತ್ತಿಗೆ ಕೇಳಿದರು:

"ನಮ್ಮ ಕೈದು ಉಣ್ತಾರೇನೇ ಅವರು?"

ಆಮೇಲೆ ತಾವೇ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದು, "ಒಲ್ಲೆ ಅಂದ್ರೆ ನೀನು ಏನೂ ಅನ್ನಬೇಡ. ನಾನೂ ಅಂದೋಳೇ," ಅಂದರು.

ಗಂಡಸರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮನ್ನು ಒಳಗೆ ಹೆಂಗಸರ ಕೋಣೆಗೆ ಕಳಿಸಿದರು. ಭಾಭಿ ಗೋಡೆಗೊರಗಿ ಜಮಖಾನದ ಮೇಲೆ ಕೂತಿದ್ದರು, ಕಣ್ಣು ಬಾತುಕೊಂಡಿತ್ತು. ನಾನು ಪಕ್ಕದಲ್ಲಿ ಕೂತು ನನ್ನ ಹೆಸರು ಹೇಳಿದೆ. ಇವರು ನಮ್ಮ ಅತ್ತೆ ಅಂದೆ. ಆಮೇಲೆ ಐದು ವರ್ಷದಿಂದ ಹೇಳದೆ ಉಳಿಸಿಕೊಂಡದ್ದು ಅಲ್ಲೇ, ಆ ಹೆಂಗಸರ ನಡುವೆ, ಬಂದುಬಿಟ್ಟಿತು.

"ಭಾಭಿ, ನಾನು ಒಂದು ಸಲ ಭಾಯ್ ಹೆಸರನ್ನ ಮುಚ್ಚಿಟ್ಟೆ. ತಪ್ಪಾಯ್ತು ಅಂತ ಅವರಿಗೆ ಹೇಳ್ಲೇ ಇಲ್ಲ."

"ಗೊತ್ತು. ಹೇಳಿದ್ರು," ಅಂದರು ಭಾಭಿ. ಅಷ್ಟೇ. ಕ್ಷಮಿಸಿದ್ದರಾ ಅಂತ ಕೇಳುವ ಆಸೆಯಾಯಿತು. ಕೇಳಲಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಬೇಕಿತ್ತು, ಅವರಿದ್ದಾಗ ಕೇಳಬೇಕಿತ್ತು. ಈ ಭಾರ ನನಗೆ ಇನ್ನು ಇಳಿಯುವುದಿಲ್ಲ.

ಅತ್ತೆ ಪಾತ್ರೆಯನ್ನು ಮುಂದೆ ಸರಿಸಿದರು. "ಅನ್ನ ಸಾರು ತಂದಿವ್ನಿ ತಾಯಿ. ನಿಮಗೆ ಆಗಲ್ಲ ಅಂದ್ರೆ ಬಲವಂತ ಇಲ್ಲ."

ಭಾಭಿ ಅವರನ್ನೇ ನೋಡಿದರು. ತಮ್ಮ ಮಗಳನ್ನು ಕರೆದು ತಟ್ಟೆ ತರಿಸಿದರು. ತಾವೇ ಬಡಿಸಿಕೊಂಡು, ಸಾರು ಕಲಸಿ, ಒಂದು ತುತ್ತು ಬಾಯಿಗಿಟ್ಟರು. ನುಂಗಲು ಕಷ್ಟಪಟ್ಟರು, ನುಂಗಿದರು. "ನಿನ್ನೆಯಿಂದ ಗಂಟಲಲ್ಲಿ ಇಳಿದಿದ್ದು ಇದೇ ಮೊದಲು ಅಮ್ಮಾ," ಅಂದರು. ಆಮೇಲೆ ಮಗಳು ತಂದಿದ್ದ ಇನ್ನೊಂದು ತಟ್ಟೆಯನ್ನು ಅತ್ತೆಯ ಕಡೆ ಸರಿಸಿದರು.

"ನೀವೂ ಉಣ್ಣಿ. ಅನ್ನ ನಿಮ್ಮದೇ, ತಟ್ಟೆ ಮಾತ್ರ ನಮ್ಮದು. ಆಗಲ್ಲ ಅಂದ್ರೆ ನಾನೂ ಬಲವಂತ ಮಾಡಲ್ಲ."

ಅತ್ತೆ ಆ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ನಾನು ಈ ಸಲ ಬಾಯಿ ಹಾಕಲಿಲ್ಲ. ಅತ್ತೆ ತಟ್ಟೆಯನ್ನು ಮಡಿಲ ಹತ್ತಿರಕ್ಕೆ ಎಳೆದುಕೊಂಡರು.

"ಬಡಿಸವ್ವಾ," ಅಂದರು. "ಬೆಳಗಿಂದ ನಾನೂ ಏನೂ ಉಂಡಿಲ್ಲ."